ರಸ್ತೆ ಕಾಣುವ ರೂಮು

ಹೋದ ವಾರ ಮಂಗಳೂರಿನಲ್ಲಿ ಎರಡು ದಿನ ಉಳಿಯಲು ಹೋಟೆಲ್ ಹುಡುಕುತ್ತಿದ್ದೆ. ದೊಡ್ಡದು ಬೇಡ, ದುಬಾರಿಯೂ ಬೇಡ, ಬಾತ್‌ರೂಮು ಮಾತ್ರ ಚೊಕ್ಕಟವಾಗಿರಲಿ ಎಂದು ನನ್ನ ಗಂಡ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಮೊಬೈಲಿನಲ್ಲಿ ಒಂದಾದ ಮೇಲೊಂದು ಫೋಟೋ ಸರಿಸುತ್ತಿದ್ದವಳ ಬೆರಳು ಒಂದು ಕಡೆ ನಿಂತುಬಿಟ್ಟಿತು. ಬಿಳಿ ಹಾಸಿಗೆಯ ನಡುವೆ ಟವೆಲ್ ಸುತ್ತಿ ಮಾಡಿದ ಒಂದು ಹಂಸ. ಕತ್ತು ತುಸು ಒಂದು ಬದಿಗೆ ವಾಲಿತ್ತು.

‘ಮೈ ಒರೆಸ್ಕೊಳ್ಳೋ ಬಟ್ಟೆಗೆ ಕುತ್ತಿಗೆ ಯಾಕೆ ಮಾರಾಯ್ತಿ?’

ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ...

ಅವರನ್ನು ನಾವೆಲ್ಲ ರೂಮಿನಕ್ಕ ಎಂದು ಕರೆಯುತ್ತಿದ್ದೆವು. ಚಿಕ್ಕಮಗಳೂರಿನ ಮಲ್ಲಂದೂರು ಕಡೆಯ ಕಾಫಿ ಎಸ್ಟೇಟೊಂದರ ಯಜಮಾನರು ತಮ್ಮ ಹಳೆಯ ಬಂಗಲೆಯನ್ನು ಹೋಂಸ್ಟೇ ಮಾಡಿದಾಗ ನಾನು ಅಲ್ಲಿ ಬುಕ್ಕಿಂಗ್ ನೋಡಿಕೊಳ್ಳಲು ಸೇರಿದ್ದೆ. ಫೋನ್ ಎತ್ತುವುದು, ಬರುವವರಿಗೆ ದಾರಿ ಹೇಳುವುದು, ಹೋದವರು ಇಂಟರ್‌ನೆಟ್ಟಿನಲ್ಲಿ ಬರೆದ ರಿವ್ಯೂಗೆ ಥ್ಯಾಂಕ್ಸ್ ಹೇಳುವುದು, ಇಷ್ಟು ನನ್ನ ಕೆಲಸ. ಅಕ್ಕ ಅದಕ್ಕೂ ಮುಂಚೆ ಬಹಳ ಕಾಲ ಅದೇ ತೋಟದಲ್ಲಿ ಕಾಫಿ ಕೊಯ್ದವರು. ಮಂಡಿ ನೋವು ಬಂದು ಇಳಿಜಾರು ಹತ್ತಲು ಆಗದೆ ಹೋದಾಗ ರೂಮಿನ ಕೆಲಸಕ್ಕೆ ಹಾಕಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಕಳಸಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ತೋಟದ ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಯೊಂದರಲ್ಲಿ ಅವರೊಬ್ಬರ ವಾಸ.

ಟವೆಲಿನ ಹಂಸ ಯಜಮಾನರ ಹೆಂಡತಿಯ ಆಸೆ. ಅವರನ್ನು ನಾವು ಅಮ್ಮಾವ್ರು ಎನ್ನುತ್ತಿದ್ದೆವು. ಯಾವುದೋ ವಿಡಿಯೋ ನೋಡಿ ಬಂದು ಅಕ್ಕನಿಗೆ ಕಲಿಸಿದ್ದರು. ಅಕ್ಕ ದಿನಾ ಗೊಣಗಿಕೊಂಡೇ ಅದನ್ನು ಮಡಚುತ್ತಿದ್ದರು. ಬೇರೆ ಯಾವುದಕ್ಕೂ ಗೊಣಗಿದ್ದು ನಾನು ಕಂಡಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ, ಗೆಸ್ಟುಗಳು ಯಾರೂ ಇರಲಿಲ್ಲ. ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕೂತು ಊಟ ಮಾಡುವಾಗ ಅಕ್ಕ ಇದ್ದಕ್ಕಿದ್ದಂತೆ ಹೇಳಿದರು: ‘ನಂಗೂ ಒಂದ್ಸಲ ಹೋಟ್ಲಲ್ಲಿ ಇದ್ದು ಬರ್ಬೇಕು ಅಂತ ಆಸೆ. ಬೇರೆ ಯಾರೋ ಹಾಸಿದ ಹಾಸ್ಗೆ ಮೇಲೆ ಮಲಗ್ಬೇಕು. ಬೆಳಿಗ್ಗೆ ಎದ್ದು ಮಡಚ್ದೆ ಹಾಗೇ ಬಿಟ್ಟು ಹೋಗ್ಬೇಕು.’

ಮೊದಲು ನಗು ಬಂತು. ಅವರು ನಗದಿದ್ದುದನ್ನು ಕಂಡು ಸುಮ್ಮನಾದೆ. ‘ಹೋಗೋಣ ಅಕ್ಕ, ನಾನೂ ಬರ್ತೀನಿ. ಯಾವ ಊರು?’ ಎಂದೆ. ‘ಮೈಸೂರು’ ಎಂದರು. ಊರನ್ನು ಯಾವತ್ತೋ ಗಟ್ಟಿ ಮಾಡಿ ಇಟ್ಟುಕೊಂಡಿದ್ದರು ಅನ್ನಿಸುತ್ತದೆ.

ಆಮೇಲೆ ಮಳೆಗಾಲ ಮುಗಿಯುವ ತನಕ ನಮಗದೇ ಹುಚ್ಚು. ಊಟ ಆದ ಕೂಡಲೇ ಅಕ್ಕ ಕೈ ಒರೆಸಿಕೊಂಡು ಹತ್ತಿರ ಬಂದು ಕೂರುವರು. ನಾನು ಮೊಬೈಲಿನಲ್ಲಿ ಹೋಟೆಲುಗಳನ್ನು ತೋರಿಸುವೆ. ತೀರಾ ದೊಡ್ಡದು ಅವರಿಗೆ ಬೇಡ, ಬಾಗಿಲಲ್ಲಿ ನಿಂತವರು ಮೊದಲು ಚಪ್ಪಲಿ ನೋಡುತ್ತಾರಂತೆ. ತೀರಾ ಅಗ್ಗದ್ದೂ ಬೇಡ, ಅಲ್ಲಿ ಕುಡುಕರು ಬಾಗಿಲು ಬಡಿಯುತ್ತಾರೆ. ನಲ್ಲಿಯಲ್ಲಿ ಬಿಸಿನೀರು ಬರಬೇಕು. ಲಿಫ್ಟ್ ಇದ್ದರೆ ಮಂಡಿಗೆ ಸುಖ. ಒಂದು ಹೋಟೆಲಿನ ಕಿಟಕಿಯಾಚೆ ಹಸಿರು ತೋಟವಿತ್ತು. ಅವರಿಗೆ ಹಿಡಿಸಬಹುದೆಂದು ತೋರಿಸಿದರೆ ಫೋನನ್ನೇ ಆಚೆ ತಳ್ಳಿದರು.

‘ಮರ ನೋಡಿ ನೋಡಿ ಸಾಕಾಗಿದೆ ಮಾರಾಯ್ತಿ. ರಸ್ತೆ ಕಾಣ್ಬೇಕು. ಜನ ಓಡಾಡೋದು ಕಾಣ್ಬೇಕು.’

ರಿವ್ಯೂಗಳನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದೆ. ದಿಂಬಿನ ಮೇಲೆ ಕೂದಲಿತ್ತು ಎಂದು ಯಾರಾದರೂ ಬರೆದಿದ್ದರೆ ಅಕ್ಕನ ಮುಖ ಸಣ್ಣದಾಗುತ್ತಿತ್ತು. ‘ಅಯ್ಯೋ, ಆ ಹೆಂಗ್ಸಿಗೆ ಎಷ್ಟು ಬೈದ್ರೋ’ ಎನ್ನುವರು. ಒಂದು ದಿನ ಬಸ್ ಸ್ಟ್ಯಾಂಡಿಗೆ ಹತ್ತಿರದ ಸಣ್ಣ ಹೋಟೆಲೊಂದು ಸಿಕ್ಕಿತು. ರೇಟು ಪರವಾಗಿಲ್ಲ, ರೂಮಿನ ಕಿಟಕಿ ರಸ್ತೆಗೇ ತೆರೆಯುತ್ತಿತ್ತು. ಆದರೆ ಯಾರೋ ಒಂದೇ ಸ್ಟಾರ್ ಕೊಟ್ಟು ಕಿಡಿ ಕಾರಿದ್ದರು. ಹತ್ತು ಗಂಟೆಯಾದರೂ ರೂಮು ಗುಡಿಸಿರಲಿಲ್ಲ, ನೋಡಿದರೆ ಕೆಲಸದ ಹೆಂಗಸು ಮೆಟ್ಟಿಲ ಮೇಲೆ ಆರಾಮವಾಗಿ ಕೂತು ಟೀ ಕುಡಿಯುತ್ತಿದ್ದಳು ಎಂದು. ನಾನು ಮುಂದಿನದಕ್ಕೆ ಹೋಗುತ್ತಿದ್ದೆ. ಅಕ್ಕ ನನ್ನ ಕೈ ಹಿಡಿದರು.

‘ಅಲ್ಲಿ ಕೆಲ್ಸದೋರಿಗೆ ಕೂರಕ್ಕೆ ಬಿಡ್ತಾರೆ ಅಂತಾಯ್ತಲ್ಲ. ಅದೇ ಮಾಡು.’

ಹೋಟೆಲು ಹಾಗೆ ಗೊತ್ತುಮಾಡಿದ್ದಾಯಿತು. ಆದರೆ ಮಳೆ ಕಡಿಮೆಯಾಗಿದ್ದೇ ತಡ ಗೆಸ್ಟುಗಳು ಮುತ್ತಿದರು. ಅಕ್ಕನಿಗೆ ರಜೆ ಸಿಗಲಿಲ್ಲ. ಈ ಸೀಸನ್ ಮುಗಿಯಲಿ ಎಂದು ಇಬ್ಬರೂ ಸಮಾಧಾನ ಮಾಡಿಕೊಂಡೆವು.

ಡಿಸೆಂಬರಿನ ಒಂದು ಭಾನುವಾರ ಬೆಂಗಳೂರಿನ ಕುಟುಂಬವೊಂದು ಹೊರಡುವುದರಲ್ಲಿತ್ತು. ಕಾರಿಗೆ ಸಾಮಾನು ಹಾಕಿಯಾಗಿತ್ತು. ಆಗ ಆ ಮನೆಯ ಹೆಂಗಸು ತನ್ನ ವಜ್ರದ ಓಲೆಯಲ್ಲಿ ಒಂದು ಕಾಣುತ್ತಿಲ್ಲ ಎಂದರು. ರೂಮಿಗೆ ಯಾರು ಬಂದಿದ್ದರು ಎಂದು ಕೇಳಿದರು. ಅಷ್ಟೇ. ಅಮ್ಮಾವ್ರು ಅಂಗಳದಲ್ಲೇ ನಿಂತು ಅಕ್ಕನನ್ನು ಕೂಗಿದರು: ‘ನಿನ್ ಚೀಲ ತಗಂಡ್ ಬಾ ಇಲ್ಲಿ.’

‘ಅಮ್ಮಾ, ಮೊದ್ಲು ಅವ್ರ ಸೂಟ್‌ಕೇಸ್ ಒಂದ್ಸಲ ನೋಡಕ್ಕೆ ಹೇಳಣ’ ಎಂದೆ ನಾನು. ‘ನೀನು ಫೋನ್ ನೋಡ್ಕೋ ಹೋಗು’ ಎಂದರು.

ಅಂಗಳದಲ್ಲಿ ಗೆಸ್ಟುಗಳು ಊಟ ಮಾಡುವ ಟೇಬಲ್ಲಿನ ಮೇಲೆ ಅಮ್ಮಾವ್ರು ಅಕ್ಕನ ಚೀಲವನ್ನು ಬೋರಲು ಹಾಕಿದರು. ಒಂದು ಟಿಫಿನ್ ಬಾಕ್ಸು, ಮಡಚಿಟ್ಟ ರವಿಕೆ, ಮಂಡಿ ನೋವಿನ ಮಾತ್ರೆ, ಎಲೆಅಡಿಕೆಯ ಪೊಟ್ಟಣ. ಅಮ್ಮಾವ್ರು ರವಿಕೆಯನ್ನು ಎತ್ತಿ ಕೊಡವಿದರು. ಅಡುಗೆಯವರು, ಕಾರಿನ ಡ್ರೈವರು, ಜೀಪಿನಲ್ಲಿ ಗುಡ್ಡಕ್ಕೆ ಹೊರಟಿದ್ದ ಬೇರೆ ಗೆಸ್ಟುಗಳು, ಎಲ್ಲರೂ ನಿಂತು ನೋಡಿದರು. ಯಜಮಾನರು ಕಂಬಕ್ಕೆ ಒರಗಿ ನಿಂತಿದ್ದರು. ಅಕ್ಕ ಕೈ ಕಟ್ಟಿಕೊಂಡು ತನ್ನ ಸಾಮಾನನ್ನೇ ನೋಡುತ್ತಿದ್ದರು, ಅವು ಬೇರೆ ಯಾರದೋ ಎಂಬಂತೆ.

ಏನೂ ಸಿಗಲಿಲ್ಲ. ಆದರೂ ಸದ್ಯಕ್ಕೆ ಬಂಗಲೆ ಕಡೆ ಬರಬೇಡ ಎಂದು ಕಳಿಸಿದರು. ಆ ಗೆಸ್ಟು ಕೆಟ್ಟದಾಗಿ ಏನಾದರೂ ಬರೆದುಬಿಟ್ಟರೆ ಎಂಬ ಹೆದರಿಕೆ ಅಮ್ಮಾವ್ರದು.

ಎರಡು ದಿನ ಬಿಟ್ಟು ಆ ಹೆಂಗಸೇ ಫೋನ್ ಮಾಡಿದರು. ಎತ್ತಿದ್ದು ನಾನು. ಓಲೆ ಅವರ ಮೇಕಪ್ ಪೌಚಿನ ಒಳಗೇ ಇತ್ತಂತೆ. ‘ಸಾರಿ ಹಾಂ, ಸುಮ್ನೆ ಎಲ್ರಿಗೂ ಟೆನ್ಷನ್ ಆಯ್ತು’ ಎಂದು ನಕ್ಕರು. ಸಂಜೆಯೊಳಗೆ ಐದು ಸ್ಟಾರ್ ಕೊಟ್ಟು ರಿವ್ಯೂನೂ ಬರೆದರು. ಇಲ್ಲಿ ಮನೆಯವರಂತೆ ನೋಡಿಕೊಳ್ಳುತ್ತಾರೆ ಎಂದು.

ಯಜಮಾನರಿಗೆ ಹೋಗಿ ಹೇಳಿದೆ. ‘ಸಿಕ್ತಲ್ಲ, ಒಳ್ಳೇದಾಯ್ತು. ನಾಳೆಯಿಂದ ಕೆಲ್ಸಕ್ಕೆ ಬರಕ್ಕೆ ಹೇಳು ಅವ್ಳಿಗೆ’ ಎಂದರು. ನಾನು ಓಡುತ್ತಲೇ ಲೈನಿಗೆ ಹೋದೆ. ಅಕ್ಕ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಮೊರ ಕೆಳಗಿಟ್ಟರು.

‘ಚೀಲ ಸುರ್ದಿದ್ದು ಎಲ್ಲರ ಎದ್ರು. ಕದ್ದಿಲ್ಲ ಅನ್ನೋದು ಮಾತ್ರ ನಿನ್ ಕೈಲಿ ಗುಟ್ಟಾಗಿ ಹೇಳಿ ಕಳಿಸ್ತಾರಾ? ಯಜಮಾನ್ರು ಅದೇ ಟೇಬಲ್ ಹತ್ರ ನಿಂತು, ಕೆಲ್ಸದೋರೆಲ್ಲ ಇರೋವಾಗ, ಇವ್ಳು ಕದ್ದಿಲ್ಲ ಅಂತ ಒಂದ್ ಮಾತು ಹೇಳ್ಲಿ. ಆ ಗಳಿಗೇಲೇ ಬರ್ತೀನಿ.’

ಆ ಮಾತನ್ನು ನಾನು ಇದ್ದದ್ದು ಇದ್ದ ಹಾಗೆ ಯಜಮಾನರಿಗೆ ಮುಟ್ಟಿಸಿದೆ. ಅವರು ಪೇಪರಿನಿಂದ ತಲೆ ಎತ್ತಿ, ‘ಇವ್ಳೇನು ಕೋರ್ಟಾ?’ ಎಂದರು. ಆಮೇಲೆ ತೋಟದ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯನ್ನು ಕರೆಸಿ, ಕೆಲಸಕ್ಕೆ ಬಾರದವರಿಗೆ ಲೈನ್ ಮನೆ ಯಾಕೆ, ಖಾಲಿ ಮಾಡಿಸು ಎಂದರು.

ಒಂದು ಮಾತು... ಅದನ್ನು ಹೇಳಲು ಅವರಿಗೆ ಎಷ್ಟು ಹೊತ್ತು ಬೇಕಿತ್ತು? ಅಕ್ಕನಾದರೂ ಅದನ್ನು ಬಿಟ್ಟುಕೊಟ್ಟು ಮನೆ ಉಳಿಸಿಕೊಳ್ಳಬಹುದಿತ್ತು. ಹಾಗೆಂದು ನಾನೇ ಹೇಳಿ ನೋಡಿದೆ. ‘ಬಿಟ್ಕೊಟ್ರೆ ನಾನೇ ಕದ್ದಂಗೆ ಆಗುತ್ತೆ’ ಎಂದರು.

ಪಾತ್ರೆಪಗಡೆಯನ್ನೆಲ್ಲ ಮಗಳ ಮನೆಗೆ ಕಳಿಸಿದ ದಿನ ಅಕ್ಕ ನನ್ನನ್ನು ಕೇಳಿದರು: ‘ಆ ಹೋಟ್ಲು ಇನ್ನೂ ಇದೆಯಾ ನೋಡು. ಕಳಸಕ್ಕೆ ಹೋದ್ಮೇಲೆ ಆಗಲ್ಲ.’

ಹಾಸನದ ಮೇಲೆ ಬಸ್ಸು ಹಿಡಿದು ಮೈಸೂರಿಗೆ ಹೋದೆವು. ರೂಮು ಸಣ್ಣದು, ಫೋಟೋದಲ್ಲಿದ್ದಂತೆಯೇ ಇತ್ತು. ಟವೆಲನ್ನು ಚಪ್ಪಟೆಯಾಗಿ ಮಡಚಿ ಇಟ್ಟಿದ್ದು ಕಂಡು ಅಕ್ಕನಿಗೆ ಬಹಳ ದಿನಗಳ ಮೇಲೆ ನಗು ಬಂತು. ಹಾಸಿಗೆಯ ಅಂಚಿನಲ್ಲಿ ಕೂತರು. ಕೈಯಲ್ಲಿ ಒತ್ತಿ ನೋಡಿದರು. ಆಮೇಲೆ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಸಂಜೆಯೆಲ್ಲ ಕೂತೇ ಇದ್ದರು. ಕೆಳಗೆ ಆಟೋ, ಹೂವಿನವರು, ಕಾಲೇಜು ಬಿಟ್ಟ ಹುಡುಗಿಯರು. ಹುಡುಗಿಯೊಬ್ಬಳು ಸ್ಕೂಟರಿನ ಮೇಲೆ ಕೂತು ಐಸ್‌ಕ್ರೀಂ ತಿನ್ನುವುದನ್ನು ನನಗೂ ಕರೆದು ತೋರಿಸಿದರು. ಅಷ್ಟು ಹಗುರಾದ ಮುಖ ಅವರದು ನಾನು ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಅರಮನೆಗೆ ಹೋಗೋಣ ಎಂದರೆ ತಡಿ ಎಂದರು. ಬಾಗಿಲು ಬಡಿಯಲಿ ಎಂದು ಅವರು ಕಾಯುತ್ತಿದ್ದರು. ಬಡಿದದ್ದು ಸಣ್ಣ ವಯಸ್ಸಿನ ಹೆಂಗಸು, ಕೈಯಲ್ಲಿ ಬಕೆಟ್ಟು. ‘ಕ್ಲೀನ್ ಮಾಡ್ಲಾ ಅಮ್ಮಾ?’ ಎಂದಳು. ಅಕ್ಕ, ‘ಬೇಡ, ಎಲ್ಲ ಚೆನ್ನಾಗಿದೆ. ಬಾ, ಒಂದ್ ಗಳಿಗೆ ಕೂತ್ಕೋ’ ಎಂದರು. ಅವಳು ಕೂರಲಿಲ್ಲ. ಕಾರಿಡಾರಿನತ್ತ ಒಮ್ಮೆ ನೋಡಿದಳು. ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದವಳು ನೀನೇನಾ ಎಂದು ಅಕ್ಕ ಆಸೆಯಿಂದ ಕೇಳಿದಾಗ ಅವಳ ಮುಖ ಬಿಳಿಚಿಕೊಂಡಿತು.

‘ನಾನಲ್ಲಮ್ಮಾ. ಅದ್ಯಾರೋ ಕಂಪ್ಲೇಂಟ್ ಬರ್ದ್ರು ಅಂತ ಅವ್ಳನ್ನ ಅವತ್ತೇ ತೆಗ್ದಾಕುದ್ರು. ಈಗ ಡ್ಯೂಟಿ ಟೈಮಲ್ಲಿ ಎಲ್ಲೂ ಕೂರಂಗಿಲ್ಲ ನಾವು.’

ಅವಳು ಹೋದ ಮೇಲೆ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅರಮನೆ ನೋಡಿದೆವು, ಮಾರ್ಕೆಟ್ಟಿನಲ್ಲಿ ಮೊಮ್ಮಗಳಿಗೆ ಬಳೆ ಕೊಂಡೆವು. ಎಲ್ಲಕ್ಕೂ ಹೂಂ ಎಂದರು. ಹೊರಡುವ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎರಡೂ ಹಾಸಿಗೆ ಮಡಚಿಟ್ಟು, ನೆಲ ಒರೆಸಿಬಿಟ್ಟಿದ್ದರು. ‘ಆ ಹುಡ್ಗಿಗೆ ಒಂದ್ ರೂಮಾದ್ರೂ ಕಮ್ಮಿ ಆಗ್ಲಿ’ ಎಂದರು.

ಕೆಳಗೆ ಕೌಂಟರಿನಲ್ಲಿ ಕೀ ಕೊಟ್ಟೆವು. ಅಲ್ಲಿದ್ದವನು ಎಲ್ಲ ಹೋಟೆಲಿನವರೂ ಹೇಳುವ ಮಾತನ್ನೇ ಹೇಳಿದ: ‘ಒಂದ್ನಿಮಿಷ ಮೇಡಂ, ರೂಮ್ ಚೆಕ್ ಮಾಡ್ಸ್ತೀನಿ.’

ನಾನು ತಡೆಯುವ ಮೊದಲೇ ಅಕ್ಕ ತಮ್ಮ ಚೀಲವನ್ನು ಕೌಂಟರಿನ ಮೇಲಿಟ್ಟು ಜಿಪ್ಪು ಎಳೆದಿದ್ದರು. ಸೀರೆ, ಬಾಚಣಿಗೆ, ಮಾತ್ರೆ, ಮೊಮ್ಮಗಳ ಬಳೆ, ಒಂದೊಂದಾಗಿ ತೆಗೆದು ಅವನ ಮುಂದೆ ಇಟ್ಟರು. ಕೊನೆಗೆ ಚೀಲವನ್ನೇ ಬೋರಲು ಮಾಡಿ ಕೊಡವಿದರು.

‘ನೋಡ್ಕಂಬಿಡಿ ಸಾರ್. ಆಮೇಲೆ ಬೇಡ.’

‘ಅಯ್ಯೋ ಬೇಡಮ್ಮಾ, ಬೇಡಮ್ಮಾ’ ಎಂದು ಅವನು ಎದ್ದು ನಿಂತ. ಪಾಪ, ಅವನಿಗೇನು ಗೊತ್ತು? ಸಾಮಾನನ್ನೆಲ್ಲ ನಾನೇ ತುಂಬಿ ಅವರನ್ನು ಹೊರಗೆ ಕರೆತಂದೆ. ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ಕಳಸದ ಬಸ್ಸು ಹತ್ತಿಸುವ ತನಕ ಅವರು ನನ್ನ ಕೈ ಬಿಡಲಿಲ್ಲ.

ಆ ಬೇಸಿಗೆಗೆ ನಾನೂ ಕೆಲಸ ಬಿಟ್ಟೆ. ಮದುವೆಯಾಗಿ ಮೂಡಿಗೆರೆಗೆ ಬಂದೆ. ಅಕ್ಕನ ಜೊತೆ ಆಗಾಗ ಫೋನಿನಲ್ಲಿ ಮಾತಾಗುತ್ತಿತ್ತು. ಆಮೇಲೆ ಅದೂ ಕಡಿಮೆಯಾಯಿತು... ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಕಳಸಕ್ಕೆ ಹೋಗಿ ಮಗಳನ್ನು ಕಂಡು ಬಂದೆ.

‘ಕೆಲ್ಸ ಯಾಕ್ ಬಿಟ್ರಿ ಅಂತ ಕೇಳಿದ್ರೆ ಮಂಡಿ ನೋವು ಅನ್ನೋರು. ಮೈಸೂರು ಅಂದ್ರೆ ಮಾತ್ರ ಮಾತು ನಿಲ್ತಿರ್ಲಿಲ್ಲ’ ಎಂದಳು ಆಕೆ. ‘ಅಷ್ಟು ಚೆನ್ನಾಗಿತ್ತಾ ಆ ಹೋಟ್ಲು?’

‘ಚೆನ್ನಾಗಿತ್ತು’ ಎಂದೆ. ಅಮ್ಮ ಮುಚ್ಚಿಟ್ಟುಕೊಂಡು ಹೋದದ್ದನ್ನು ಮಗಳ ಮುಂದೆ ಬಿಚ್ಚಲು ನಾನು ಯಾರು?

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮದುವೆಮನೆಯಲ್ಲಿ ಯಜಮಾನರು ಸಿಕ್ಕಿದರು. ಅಕ್ಕ ಹೋದ ಸುದ್ದಿ ಹೇಳಿದೆ. ‘ಛೆ, ಪಾಪ. ಒಳ್ಳೇ ಹೆಂಗ್ಸು. ಯಾಕೆ ಬಿಟ್ಟೋದ್ಲೋ ಏನೋ’ ಎಂದರು.

‘ನೀವು ಒಂದ್ ಮಾತು ಹೇಳ್ಲಿಲ್ಲ ಸಾರ್. ಅದಕ್ಕೆ.’

‘ಯಾವ್ ಮಾತು?’ ಎಂದರು. ನಟನೆಯಲ್ಲ, ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಅಲ್ಲೇ ನಿಂತು, ಓಲೆಯಿಂದ ಹಿಡಿದು ಲೈನ್ ಮನೆಯವರೆಗೆ ಎಲ್ಲವನ್ನೂ ಹೇಳಿದೆ. ಅರ್ಧ ಕೇಳಿ, ಯಾರೋ ಕರೆದರೆಂದು ಎದ್ದು ಊಟದ ಹಾಲಿಗೆ ಹೋದರು.

ಮಂಗಳೂರಿನ ಹೋಟೆಲನ್ನು ಕೊನೆಗೆ ನನ್ನ ಗಂಡನೇ ಆರಿಸಿದರು. ಶನಿವಾರ ಹೊರಡುತ್ತೇವೆ. ಆ ಹೋಂಸ್ಟೇ ಈಗಲೂ ಚೆನ್ನಾಗಿ ನಡೆಯುತ್ತಿದೆ, ವಾರದ ಕೊನೆಯಲ್ಲಿ ರೂಮು ಸಿಗುವುದೇ ಕಷ್ಟವಂತೆ. ಅಕ್ಕ ಕದ್ದಿಲ್ಲ ಎನ್ನುವ ಮಾತನ್ನು ಆ ಅಂಗಳದಲ್ಲಿ ಇವತ್ತಿನವರೆಗೆ ಯಾರೂ ಹೇಳಿಲ್ಲ. ಇನ್ನು ಹೇಳಿದರೂ ಕೇಳಬೇಕಾದವರು ಇಲ್ಲ.