ಬಾಳಬೋಧದಾಗ ಪುಂಡಿಪಲ್ಯ

ನನಗ ಕನ್ನಡ ಮಾತಾಡಲಿಕ್ಕೆ ಬರತಿತ್ತು, ಓದಲಿಕ್ಕೆ ಬರತಿದ್ದಿಲ್ಲ. ಮರಾಠಿ ಓದಲಿಕ್ಕೆ ಬರತಿತ್ತು, ಆದ್ರ ಮಾತಾಡಿದ್ರ ಪುಣೆ ಮಂದಿ ನಗತಿದ್ರು. ಕಲಬುರಗಿ ಕಡಿಂದ ಗಂಡನ ಜೋಡಿ ಇಟ್ಟಂಗಿ ಹೊರಲಿಕ್ಕೆ ಬಂದಾಗ ಯಾವ ಅಕ್ಷರನೂ ಗೊತ್ತಿದ್ದಿಲ್ಲ. ಒಂದ ಸಲ ಕಾತ್ರಜಕ್ಕ ಹೋಗಬೇಕಾದಾಕಿ ತಪ್ಪು ಬಸ್ಸು ಹತ್ತಿ ಊರಿನ ಆಚಿ ತುದಿಗೆ ಹೋಗಿ ಇಳದೆ. ಗಂಡ ಅಲ್ಲಿ, ನಾನು ಇಲ್ಲಿ, ರೊಟ್ಟಿ ಗಂಟು ನನ್ನ ಕೈಯಾಗ. ಅವತ್ತಿನಿಂದ ಬಸ್ಸಿನ ಬೋರ್ಡು ನೋಡಿ ನೋಡಿ ಬಾಳಬೋಧ ಕಲತೆ. ಬಾಳಬೋಧ ಅಂದ್ರ ಮರಾಠಿ ಬರಿಯೋ ಅಕ್ಷರ, ತಲಿ ಮ್ಯಾಲೆ ಗೆರಿ ಇರತಾವಲ್ಲ, ಅವು. ಕನ್ನಡ ಕಲಸೋ ಬಸ್ಸು ಪುಣೆದಾಗ ಇದ್ದಿಲ್ಲ.

ಗಂಡ ಸತ್ತ ಮ್ಯಾಲೆ ಇಟ್ಟಂಗಿ ಬಿಟ್ಟು ಸೌಟು ಹಿಡದೆ. ಎಂಬತ್ತರ ದಶಕದ ಕಡೀಕಡೀಕ ಅದು. ಹಳೇ ಬಂಗಲೇದಾಗ ಒಂದು ಕಂಪ್ಯೂಟರ್ ಆಫೀಸು, ಅಲ್ಲಿ ಮಧ್ಯಾಹ್ನದ ಅಡಿಗಿ ನಂದು. ಮಷೀನಿಗೆ ತಂಪು ಗಾಳಿ, ನನಗ ಸ್ಟೋವಿನ ಹೊಗಿ. ನಮ್ಮ ದೇಶದ ಅಕ್ಷರ ಆ ಮಷೀನಿನ ಗಾಜಿನ ಮ್ಯಾಲೆ ಮೂಡಸೋದು ಅಲ್ಲಿಯವರ ಕೆಲಸ. ಎಲ್ಲಾರೂ ಮರಾಠಿ ಮಾಡತಿದ್ರು. ಕನ್ನಡ ಮಾಡೋಕಿ ಒಬ್ಬಾಕಿನ, ಧಾರವಾಡದ ಹುಡಿಗಿ. ಆಕಿ ಮ್ಯಾಲೆ ನನಗ ಪ್ರೀತಿ ಅಂತ ಅಲ್ಲ. ಉಂಡ ತಾಟು ತಾನ ತೊಳೀತಿದ್ಲು, ಅದಕ್ಕ ಆಕಿ ಜೋಡಿ ಮಾತಾಡತಿದ್ದೆ.

ಒಂದಿನ ಕೇಳದೆ, "ನೀ ದಿನಾ ಒಳಗ ಕುಂತು ಏನ ಮಾಡತೀಯವಾ? ಗಾಜಿನ ಮ್ಯಾಲೆ ಜೊಂಡಿಗ್ಯಾ ಹರದಾಡಿದಂಗ ಕಾಣತದ."

ಆಕಿ ನಗ್ತಾ ನನ್ನ ಡಬ್ಬಿ ಸಾಲು ತೋರಿಸಿದ್ಲು. "ಮಷೀನಿಗೆ ಅಕ್ಷರ ಗೊತ್ತಿಲ್ಲ ಅಜ್ಜಿ, ನಂಬರ್ ಅಷ್ಟ ಗೊತ್ತು. ಮೂರನೇ ಡಬ್ಬಿ ಹಾಕು ಅಂತ ಬರದಿಟ್ಟಿರತೀನಿ. ನಿಮ್ಮ ಮೂರನೇ ಡಬ್ಬ್ಯಾಗ ಬೆಲ್ಲ ಅದ. ಇಂಗ್ಲಿಷಿನವರ ಅಡಿಗಿಮನ್ಯಾಗ ಮೂರನೇದು ಖಾರಪುಡಿ. ಅವರ ಸಾಲು ನೋಡಿ ಹಾಕಿದ್ರ ಪಾಯಸಕ್ಕ ಖಾರ ಬೀಳತದ. ಆ ಜೊಂಡಿಗ್ಯಾ ಅಂದ್ರ ಅದ."

"ಮತ್ತ ಮರಾಠಿಯವರ ಮೂರನೇ ಡಬ್ಬಿ?"

"ಅದ ಮಜಾ. ನಮ್ಮ ದೇಶದ ಅಕ್ಷರಕ್ಕೆಲ್ಲಾ ಒಂದ ಸಾಲು ಹಚ್ಯಾರ. ನಮ್ಮ ಮೂರನೇದ್ರಾಗ ಬೆಲ್ಲ ಇದ್ರ ಅವರ ಮೂರನೇದ್ರಾಗ ಸಕ್ಕರಿ. ಎರಡೂ ಸಿಹಿನ."

ಬರಿಯೋದಕ್ಕ ಎಡಿಟರ್ ಅಂತ ಒಂದು ಇತ್ತು. ಹೇಳಿಕೊಟ್ಟದ್ದು ಕಲೀತದಂತ. ಈ ಕಡತ ತಗದ್ರ ಈ ಸಾಲಿನ ಡಬ್ಬಿ ನೋಡು, ಆ ಕಡತಕ್ಕ ಆ ಸಾಲು, ಅಂತ ಆಕಿ ಅದಕ್ಕ ಕಲಸತಿದ್ಲು. ಕಲತದ್ದನ್ನ ಮರತು ಮತ್ತ ಜೊಂಡಿಗ್ಯಾ ತೋರಸತಿತ್ತು. ಆಕಿ ಬೈತಿದ್ಲು, ಅದು ಸುಮ್ಮ ಇರತಿತ್ತು. ನನ್ನ ಗಂಡನ ಹಂಗ.

ಬರದು ನೋಡಲಿಕ್ಕೆ ಆಕಿಗೆ ಕನ್ನಡ ಮಾತು ಬೇಕಾಗಿತ್ತು. ಒಂದಿನ ನನ್ನ ಬಾಜೂಕ ಕುಂಡ್ರಿಸಿಕೊಂಡು, "ಏನರೆ ಹೇಳ್ರಿ ಅಜ್ಜಿ," ಅಂದ್ಲು. ನಾ ಪುಂಡಿಪಲ್ಯ, ಹುಳಿ ತಪ್ಪಲದ ಪಲ್ಯ, ಮಾಡೋದು ಹೇಳದೆ. ಹೇಳತಾ ಹೇಳತಾ ಸಿಟ್ಟು ಬಂದು ಆಫೀಸಿನವರಿಗೂ ನಾಕು ಮಾತು ಅಂದೆ. ಆಕಿ ಅಂದದ್ದಷ್ಟೂ ಟಕಟಕ ಹೊಡದ್ಲು.

ಅಷ್ಟರಾಗ ಆಕಿ ಅಪ್ಪ ಹೇಳಿ ಕಳಿಸಿದ. ಧಾರವಾಡದಾಗ ಕನ್ನಡ ಮಾಸ್ತರ ಆಗಿದ್ದವ. ಮಗಳಿಗೆ ಅಲ್ಲೇ ಹೆಣ್ಣುಮಕ್ಕಳ ಶಾಲ್ಯಾಗ ಟೀಚರ್ ನೌಕರಿ ಗಟ್ಟಿ ಮಾಡಿದ್ದ. "ಪುಣೆದಾಗ ಕುಂತು ಕನ್ನಡ ಮಾಡತೀನಿ ಅಂತೀದಿ. ದಸರಾಕ್ಕ ಬರತೀನಿ. ಮಷೀನಿನ್ಯಾಗ ಕನ್ನಡ ತೋರಿಸಿದ್ರ ಇರು, ಇಲ್ಲಾಂದ್ರ ಸಂಜಿ ಬಸ್ಸಿಗೆ ನನ್ನ ಜೋಡಿ ನಡಿ." ಆಕಿಗೆ ಟೀಚರ್ ಆಗೋ ಮನಸ್ಸಿಲ್ಲ. ದಸರಾದ ಹಿಂದಿನ ವಾರ ಎಡಿಟರ್ ಕಲತಿತ್ತು, ಕನ್ನಡ ಅಕ್ಷರ ದುಂಡಗ ಮೂಡತಿದ್ವು. ಆಕಿ ಖುಷಿಲೆ ನನ್ನ ಅಡಿಗಿಮನ್ಯಾಗ ಕುಣದ್ಲು. ಒಂದು ಗ್ಲಾಸೂ ಒಡದ್ಲು.

ಮಾಸ್ತರ ಬಂದದ್ದು ಖಂಡೇನವಮಿ ದಿನ. ನಮ್ಮಲ್ಲಿ ಆಯುಧಪೂಜಿ ಅಂತಾರಲ್ಲ, ಅದ. ಮುಂಜಾನೆ ಆಫೀಸಿನ ಸಾಹೇಬ ಮಡಿ ಉಟಗೊಂಡು ಮಷೀನು ಬಂದ್ ಮಾಡಿ, ಝೆಂಡು ಹೂವಿನ ಹಾರ ಹಾಕಿ, ಎಲ್ಲಾ ಫ್ಲಾಪಿಗೂ ಪೂಜಿ ಮಾಡಿದ. ಫ್ಲಾಪಿ ಅಂದ್ರ ಕರೇ ತೆಳ್ಳನ ತಾಟು, ಬರದದ್ದನ್ನ ಅದರಾಗ ಇಡತಾರ. ಅದಕ್ಕ ನಡಬರಕ ಒಂದ ಸಣ್ಣ ಕಿಡಕಿ ಇರತದ, ಮಷೀನು ಅದರಾಗ ಹಣಿಕಿ ಹಾಕಿ ಓದತದ. ಸಾಹೇಬ ಒಂದೊಂದು ಫ್ಲಾಪಿ ಚೀಲದಿಂದ ತಗದು, ಬರೋಬರ ಆ ಕಿಡಕಿ ಮ್ಯಾಲೇನ ಹಸೀ ಕುಂಕುಮ ಹಚ್ಚಿದ್ದ. ಭಕ್ತಿಲೆ, ಒತ್ತಿ ಒತ್ತಿ.

ಮಧ್ಯಾಹ್ನ ಮಾಸ್ತರ ಉಂಡ. ಉಂಡು, ಹಾರ ಹಾಕಿದ ಮಷೀನು ನೋಡಿ ಕೈ ಮುಗದ.

"ಪೂಜಿ ಆದ ಆಯುಧ ಇವತ್ತ ನಡಸಬಾರದು. ಆತು ಬಿಡು, ಸಾಮಾನು ಕಟ್ಟು."

ಹುಡಿಗಿ ಮಾರಿ ಇಳೀತು. "ಅಪ್ಪಾ, ಒಂದ ನಿಮಿಷ..."

"ಶಾಸ್ತ್ರ ಶಾಸ್ತ್ರನ."

ನನಗ ತಡೀಲಿಲ್ಲ. "ಮಾಸ್ತರ್ರ, ಬದನೀಕಾಯಿ ಹ್ಯಾಂಗಿತ್ರಿ?"

"ಚಲೋ ಇತ್ತು."

"ಈಳಿಗಿಗೂ ಮುಂಜಾನೆ ಪೂಜಿ ಆಗಿತ್ರಿ. ಅಕ್ಷತಿ ಹಾಕಿ, ಒಂದೀಟು ಸರಿಸಿ, ಪೂಜಿ ಮುಗೀತು ಅಂತ ಹೆಚ್ಚೀನಿ. ನೀವು ಉಂಡೀರಿ. ಶಾಸ್ತ್ರ ನಿಮ್ಮ ಹೊಟ್ಟ್ಯಾಗ ಅದ."

ನಾ ನಾಕು ಅಕ್ಕಿಕಾಳು ಹಾಕಿ ಮಷೀನಿನ ಡಬ್ಬಿ ಒಂದ ಬೆರಳು ಉತ್ತರಕ್ಕ ದಬ್ಬದೆ. "ಮುಗೀತ್ರಿ. ಹಚ್ಚವಾ."

ಹಚ್ಚಿದ್ಲು. ಕನ್ನಡ ಅಕ್ಷರ ತುಂಬಿದ ಫ್ಲಾಪಿ ಹಾಕಿದ್ಲು. ಮಷೀನು ಕೆರ್ರ್ ಕೆರ್ರ್ ಅಂತು, ಹಲ್ಲಿನ್ಯಾಗ ಕಲ್ಲು ಸಿಕ್ಕಂಗ. ತಗದು ನೋಡಿದ್ರ ಕಿಡಕಿ ತುಂಬ ಕುಂಕುಮ. ಅದರ ನಕಲು ಇನ್ನೊಂದ್ರಾಗಿತ್ತು, ಅದಕ್ಕೂ ಕುಂಕುಮ. ಬಾಗಲದಾಗ ನಿಂತಿದ್ದ ಸಾಹೇಬ ತನ್ನ ಕೆಂಪು ಬೆರಳು ಪಂಜೆಕ್ಕ ಒರಸಿಕೊಂಡ.

"ಈಗ?" ಅಂದೆ.

"ಡಬ್ಬಿ ಸಾಲಿನ ಬೆಲ್ಲ ಹೋತು ಅಜ್ಜಿ. ನೀವು ಹೇಳಿದ್ದು ಮಷೀನಿನ ಒಳಗ ಅದ, ಆದ್ರ ಬರೀ ನಂಬರ್." ಆಮ್ಯಾಲೆ ಎಡಿಟರಿಗೆ, ಮಷೀನಿನ ಒಳಗ ಮೊದಲಿಂದ ಇದ್ದ ಬ್ಯಾರೆ ಸಾಲಿನ ಡಬ್ಬಿ ನೋಡು ಅಂತ ಬರದು ಗುಂಡಿ ಒತ್ತಿದ್ಲು. ಗಾಜಿನ ತುಂಬ ಅಕ್ಷರ ಬಂದ್ವು. ತಲಿ ಮ್ಯಾಲೆ ಗೆರಿ.

ಮಾಸ್ತರ ನೋಡಿ, "ಇದು ಮರಾಠಿ," ಅಂದು ಎದ್ದು ಚೀಲ ಹೆಗಲಿಗೆ ಹಾಕಿದ. "ನನಗ ಗೊತ್ತಿತ್ತು. ನಡಿ."

ನಾ ಗಾಜಿನ ಹತ್ತಿರ ಹೋಗಿದ್ದು ಝೆಂಡು ಹೂವು ಉದುರಿದ್ದು ಆರಸಲಿಕ್ಕೆ. ಅಕ್ಷರ ಕಣ್ಣಿಗೆ ಬಿದ್ವು. ಬಸ್ಸಿನ ಬೋರ್ಡು ಓದಿದಂಗ ಒಂದೊಂದ ಕೂಡಿಸಿ ಓದದೆ. ಪುಂ. ಡಿ. ಪ. ಲ್ಯ. ಕೈಯಾಗಿನ ಹೂವು ಅಲ್ಲೇ ಬಿಟ್ಟೆ. ಇದು ನನ್ನ ಮಾತು. ಅಲ್ಲಿ ತನಕ ನನ್ನ ಮಾತು ನಾನು ಎಲ್ಲೂ ಓದಿದ್ದಿಲ್ಲ.

ಜೋರಲೆ ಓದದೆ: "ಪುಂಡಿಪಲ್ಯ ಮಾಡಬೇಕಂದ್ರ ಮೊದಲ ಕೈ ತೊಳಕೋರಿ. ಈ ಆಫೀಸಿನವರಂಗ ಹೊಲಸ ಕೈಲೆ ಒಲಿ ಹತ್ತಿರ ಬರಬ್ಯಾಡ್ರಿ. ಉಂಡ ತಾಟು ಕಟ್ಟಿ ಮ್ಯಾಲೆ ಬಿಟ್ಟು ಹೋಗೋರಿಗೆ ಪಲ್ಯ ಯಾಕ, ಹಸೀ ಪುಂಡಿ ತಪ್ಪಲ ಸಾಕು. ಸಾಹೇಬಗ ಅದೂ ಬ್ಯಾಡ."

ಮಾಸ್ತರ ನಿಂತ. ಚೀಲ ಇಳಿಸಿದ. ಚಾಳೀಸು ಹಾಕಿಕೊಂಡು ಬಂದು ತಾನೂ ಓದಿದ, ತುಟಿ ಅಲುಗಾಡತಿತ್ತು. ಆತಗ ಬಾಳಬೋಧ ಬರತಿತ್ತು, ಮರಾಠಿ ಅಂತ ಸಿಟ್ಟು ಬಂದು ಓದಿದ್ದಿಲ್ಲ ಅಷ್ಟ. ಸಾಹೇಬನ ಸಾಲಿಗೆ ಬಂದು "ಹ್ಹೆ" ಅಂದ. ಆಮ್ಯಾಲೆ ಮಾಸ್ತರನ ದನಿ ತಗದ.

"ನಂಬರ್ ಅವೇ ಇದ್ದಾವಂದ್ರ, ನಾಳೆ ಕನ್ನಡ ಅಕ್ಷರ ಹಾಕಿದ್ರ ಇದು ಕನ್ನಡದಾಗ ಬರತದ?"

"ಹೂಂ ಅಪ್ಪಾ. ಒಂದ ಅಕ್ಷರನೂ ಮತ್ತ ಹೊಡೀಬೇಕಾಗಿಲ್ಲ."

"ತೆಲುಗು ಹಾಕಿದ್ರ?"

"ತೆಲುಗು ಅಕ್ಷರದಾಗ ಕನ್ನಡ ಬರತದ."

"ಹಂಗಾರ ತೆಲುಗಿನವರೂ ಓದಿ ಸಾಹೇಬಗ ಬೈತಾರ," ಅಂತ ನಕ್ಕ. ಸಾಹೇಬ ತನ್ನ ಹೆಸರು ಬಂದದ್ದು ಕೇಳಿ ಮರಾಠಿದಾಗ, "ಕಾಯ್ ಮ್ಹಣತಾತ್?" ಏನಂತಾರ ಅಂತ ಕೇಳಿದ. ಮಾಸ್ತರ ಅಕ್ಷರಕ್ಕಕ್ಷರ ಮರಾಠಿ ಮಾಡಿ ಹೇಳಿದ. ನಾ ಸೆರಗು ಬಾಯಿಗೆ ಇಟಗೊಂಡೆ, ಆದ್ರ ಅಲ್ಲಿಂದ ಹೋಗಲಿಲ್ಲ. ಸಾಹೇಬ ಒಳಗ ಹೋಗಿ ತನ್ನ ತಾಟು ತೊಳದ. ಎಣ್ಣಿ ಹಂಗ ಉಳದಿತ್ತು, ನಾ ಮತ್ತ ತೊಳದೆ.

ಸಂಜೀಕ ಮಾಸ್ತರ ಒಬ್ಬನ ಬಸ್ಸು ಹತ್ತಿದ. ಮಗಳಿಗೆ, "ದೀಪಾವಳಿಗೆ ಕನ್ನಡ ಅಕ್ಷರದಾಗ ಅಚ್ಚು ಹಾಕಿಸಿ ತಗೊಂಡು ಬಾ. ನಿಮ್ಮವ್ವಗ ಬಾಳಬೋಧ ಬರಂಗಿಲ್ಲ," ಅಂದ. ನನಗ, "ಬಾಯಿ ಭಾಳ ಅದ ನಿಮಗ," ಅಂದ. "ಬದನೀಕಾಯಿಗೆ ಉಪ್ಪು ಕಡಿಮಿ ಇತ್ತು, ಆಗ ಹೇಳಲಿಲ್ಲ."

ಹುಡಿಗಿ ಎಂಟ ದಿನದಾಗ ಅಕ್ಷರ ಮತ್ತ ಮಾಡಿದ್ಲು. ಫ್ಲಾಪಿಗಳ ಕಪಾಟಿಗೆ ಚಿಲಕ ಹಾಕಿಸಿದ್ಲು. ನಂತರದ ವರ್ಷದಿಂದ ಸಾಹೇಬ ಖಂಡೇನವಮಿಗೆ ಕುಂಕುಮ ಕಪಾಟಿನ ಬಾಗಲಕ್ಕ ಹಚ್ಚತಿದ್ದ.

ಆಕಿಗೂ ಈಗ ಕೂದಲ ಬೆಳ್ಳಗಾಗ್ಯಾವ. ನನಗ ಕನ್ನಡ ಅಕ್ಷರ ಕಲಸತೀನಿ ಅಂತ ಭಾಳ ಗಂಟು ಬಿದ್ಲು, ನಾ ಕಲೀಲಿಲ್ಲ. ಯಾಕ ಕಲೀಬೇಕು? ಇದನ್ನೆಲ್ಲಾ ನಾ ಬಾಳಬೋಧದಾಗ ಬರದೀನಿ. ಆಕಿ ಮಷೀನಿಗೆ ಹಾಕಿ ಡಬ್ಬಿ ಸಾಲು ಬದಲಿ ಮಾಡಿ ನಿಮಗ ಕೊಟ್ಟಾಳ. ಒಂದ ಮಾತೂ ತಿದ್ದಬ್ಯಾಡ ಅಂತ ಹೇಳೀನಿ. ತಿದ್ದಿದ್ರ ನನಗ ಗೊತ್ತಾಗಂಗಿಲ್ಲ, ಅದು ಆಕಿಗೂ ಗೊತ್ತು.