ನಡುಗೋಡೆಗೊಂದು ಮೊಳೆ

ನನಗೆ ನೆಟ್ಟಗೆ ಒಂದು ಮೊಳೆ ಹೊಡೆಯಲು ಬರುವುದಿಲ್ಲ. ಐವತ್ತೈದು ದಾಟಿದ ಗಂಡಸು ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಬಾರದು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊಳೆ ಬಗ್ಗುತ್ತದೆ, ಇಲ್ಲವೆ ಹೆಬ್ಬೆರಳು ಊದುತ್ತದೆ. ಮನೆಯಲ್ಲಿ ಆ ಕೆಲಸ ನನ್ನ ಹೆಂಡತಿ ರತ್ನಳದು. ಈಗ ಅವಳ ಫೋಟೋವನ್ನೇ ಗೋಡೆಗೆ ಹಾಕಬೇಕಾಗಿ ಬಂದು, ಅದು ಮೂರು ತಿಂಗಳು ಬೀರುವಿನ ಮೇಲೆ ಒರಗಿ ಕೂತಿತ್ತು.

ಕಾರಣ ಹೆಬ್ಬೆರಳೊಂದೇ ಅಲ್ಲ. ಚಿನ್ನದ ಗಣಿಯವರು ಊರಿಗಾಂನಲ್ಲಿ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲಿ ನಮ್ಮದೊಂದು. ಅದರಲ್ಲಿ ಒಂದು ಗೋಡೆಯ ತುಂಬ ಬಾಗಿಲು, ಒಂದರಲ್ಲಿ ಕಿಟಕಿ, ಒಂದಕ್ಕೆ ವರ್ಷವಿಡೀ ತೇವ. ಉಳಿದದ್ದು ನಮಗೂ ಪಕ್ಕದ ಕುಪ್ಪುಸ್ವಾಮಿಯವರಿಗೂ ಸೇರಿದ ನಡುಗೋಡೆ. ಆ ಗೋಡೆಯ ವಿಷಯಕ್ಕೇ ನಾವಿಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೆವು.

ನಡೆದದ್ದು ಇಷ್ಟೇ. ಗಣಿ ಮುಚ್ಚುವವರೆಗೂ ಅದರೊಳಗೆ ದುಡಿದಿದ್ದ ಕುಪ್ಪುಸ್ವಾಮಿ ಒಂದು ಬೆಳಗ್ಗೆ ಅವರ ಕಡೆಯಿಂದ ಮೊಳೆ ಹೊಡೆದರು. ನಮ್ಮ ಕಡೆಯ ಗಡಿಯಾರ ಮೊಳೆ ಸಮೇತ ಬಿದ್ದು ಗಾಜು ಪುಡಿಯಾಯಿತು. ನಾನು ಹೋಗಿ, "ಗೋಡೆ ನಿಮ್ಮಪ್ಪಂದಾ?" ಎಂದೆ. ಅವರು ತಮಿಳಿನಲ್ಲಿ ನನ್ನ ಅಪ್ಪನನ್ನು ಕರೆದರು. ತೀರಿಕೊಂಡು ಎಷ್ಟೋ ವರ್ಷವಾಗಿದ್ದ ಇಬ್ಬರು ಅಪ್ಪಂದಿರೂ ಬಂದು ಜಗಳ ಬಿಡಿಸಲಿಲ್ಲ.

ಈ ಜಗಳಕ್ಕೆ ಎರಡು ವರ್ಷ ತುಂಬಿದಾಗ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರತ್ನ ತನ್ನ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಎಂ.ಎ.ಗೆ ಸೇರಿದಳು. ವಿಷಯ, ಶಾಂತಿ ನಿರ್ಮಾಣ ಮತ್ತು ಸಂಘರ್ಷ ಪರಿವರ್ತನೆ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ್ದ ನಾನು, "ಅದನ್ನ ಓದಿ ಎಲ್ಲಿಗೆ ಓಗ್ತೀಯ, ಗಡಿಗಾ?" ಎಂದೆ.

"ಗಡಿ ಮನೇಲೇ ಐತಲ್ಲ ರೀ," ಎಂದು ನಡುಗೋಡೆ ತೋರಿಸಿದಳು.

ತಿಂಗಳಿಗೆ ಎರಡು ಶನಿವಾರ ಬೆಂಗಳೂರಿನಲ್ಲಿ ತರಗತಿ. ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯವರೆಗೆ ನಾನೂ ಜೊತೆ. ಅಲ್ಲಿಯ ದಿನಸಿ ಅಂಗಡಿಯಲ್ಲಿ ನನ್ನ ಕೆಲಸ. ನಾನು ಇಳಿಯುವಾಗ ಅವಳು ಪುಸ್ತಕದಿಂದ ತಲೆಯೆತ್ತಿ, "ಇವತ್ತು ಯಾರ ತಾವೂ ಜಗಳ ಆಡ್ಬೇಡಿ, ಇರೋ ಜಗಳ ಓದಕ್ಕೇ ಟೈಮಿಲ್ಲ," ಎನ್ನುತ್ತಿದ್ದಳು. ಆ ರೈಲಿಗೆ ಈಗಲೂ ಹೋಗುತ್ತೇನೆ. ಇಳಿದ ಮೇಲೆ ಅದು ಹೊರಡುವವರೆಗೆ ನಿಂತು ನೋಡುವ ಅಭ್ಯಾಸ ಹೋಗಿಲ್ಲ.

ನಮ್ಮ ಕಾಲದ ಚರಿತ್ರೆ ಪುಸ್ತಕದಲ್ಲಿ ಪ್ರತಿ ಯುದ್ಧಕ್ಕೂ ಐದು ಕಾರಣ, ಐದು ಪರಿಣಾಮ. ಒಪ್ಪಂದವಾದರೆ ಪಾಠ ಮುಗಿಯಿತು. ಮಾರನೆಯ ದಿನ ಆ ಎರಡು ಕಡೆಯವರೂ ಒಂದೇ ಬಾವಿಗೆ ನೀರಿಗೆ ಬಂದಾಗ ಮುಖ ಎಲ್ಲಿಟ್ಟುಕೊಂಡರು ಎಂದು ಯಾರೂ ಬರೆದಿರಲಿಲ್ಲ. ಅವಳ ಎಂ.ಎ. ಅಲ್ಲಿಂದ ಶುರುವಾಗುತ್ತಿತ್ತು. ಜಗಳ ನಿಂತರೆ ಸಾಲದು, ಆಡಿದವರ ನಡುವೆ ಏನೋ ಬದಲಾಗಬೇಕು ಎನ್ನುತ್ತಿದ್ದಳು.

ಒಮ್ಮೆ ಸಾರಿಗೆ ಈರುಳ್ಳಿ ಸುಲಿಯುತ್ತ ನನಗೂ ಪಾಠ ಮಾಡಿದಳು. ಬಾಯಲ್ಲಿ ಹೇಳುವುದು ಮೇಲಿನ ಸಿಪ್ಪೆ. ಬೇಕೆನ್ನುವುದು ಅದರ ಒಳಗೆ. ಬೇಕೇಬೇಕಾದದ್ದು ಇನ್ನೂ ಒಳಗೆ.

"ಗಡಿಯಾರ ಬಿತ್ತು ಅಂತೀರಲ್ಲ, ಅದು ಸಿಪ್ಪೆ. ಒಳಗೇನೈತೆ?"

"ಒಳಗೂ ಈರುಳ್ಳಿನೇ."

"ಒಂದು ಮಾತು ಹೇಳಿ ಮೊಳೆ ಒಡೀಬೌದಾಗಿತ್ತು ಅನ್ನೋದು ತಾನೆ ನಿಮ್ಮ ಸಿಟ್ಟು?"

ನಾನು ಒಪ್ಪಲಿಲ್ಲ. ಕುಪ್ಪುಸ್ವಾಮಿಯವರ ಈರುಳ್ಳಿಯನ್ನು ಅವಳು ನನ್ನ ಮುಂದೆ ಸುಲಿಯಲೂ ಇಲ್ಲ. ಅದು ನನಗೆ ಬಿಟ್ಟ ಮನೆಗೆಲಸವೆಂದು ಈಗ ಅನ್ನಿಸುತ್ತದೆ.

ಅವಳ ಪ್ರಾಜೆಕ್ಟ್ ನಮ್ಮ ಬೀದಿಯ ಜಗಳಗಳ ಮೇಲೆ. ಇಲ್ಲಿ ಬೈಯುವುದು ಅವರವರ ಭಾಷೆಯಲ್ಲಿ, ರಾಜಿಯಾಗುವುದು ಎದುರಿನವರ ಭಾಷೆಯಲ್ಲಿ ಎಂದು ಅವಳು ಕಂಡುಕೊಂಡಿದ್ದಳು. ತೆಲುಗಿನವಳು ತಮಿಳಿನಲ್ಲಿ "ಊಟ ಆಯ್ತಾ" ಎಂದು ಕೇಳಿದಳೆಂದರೆ ನಲ್ಲಿಯ ಜಗಳ ಮುಗಿಯಿತೆಂದೇ ಲೆಕ್ಕ. "ಇದನ್ನ ಯಾವ ಪುಸ್ತಕದಲ್ಲೂ ಕಾಣೆ ರೀ, ನಾನೇ ಬರೀತೀನಿ," ಎಂದಿದ್ದಳು. ಬರೆಯುತ್ತಿದ್ದಳು ಕೂಡ. ಕೊನೆಯ ಪರೀಕ್ಷೆಗೆ ಮೊದಲೇ ಹೃದಯ ನಿಂತಿತು.

ಆ ದಿನ ಬೆಂಚು ಹಾಕಿಸಿದವರು, ಬಂದವರಿಗೆ ಟೀ ಕೊಡಿಸಿದವರು, ಚಟ್ಟಕ್ಕೆ ಹೆಗಲು ಕೊಟ್ಟವರು ಕುಪ್ಪುಸ್ವಾಮಿ. ನನ್ನೊಡನೆ ಮಾತ್ರ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಮೊನ್ನೆ ಒಬ್ಬನೇ ಈರುಳ್ಳಿ ಹೆಚ್ಚುತ್ತಿದ್ದೆ. ಆಗ ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ. ಬೀರುವಿನ ಮೇಲಿನ ಫೋಟೋ ನೋಡುತ್ತಿದ್ದಾಗ, ನಾಲ್ಕು ವರ್ಷದ ಹಿಂದೆ ಕುಪ್ಪುಸ್ವಾಮಿ ಆ ಮೊಳೆ ಹೊಡೆದದ್ದು ಯಾತಕ್ಕೆಂದು ನೆನಪಾಯಿತು. ಅವರ ತಾಯಿ ಆಗಷ್ಟೇ ತೀರಿಕೊಂಡಿದ್ದರು. ಅವತ್ತು ಅವರ ಎಡಗೈಯಲ್ಲಿ ಫೋಟೋ ಇತ್ತು. ಕಂಡಿದ್ದೆ; ಗಡಿಯಾರದ ಗಾಜು ಅದಕ್ಕಿಂತ ದೊಡ್ಡದಾಗಿ ಕಂಡಿತ್ತು.

ಮರುದಿನ ಬೆಳಗ್ಗೆ ಬಾಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಕೊಂಡು, ಸುತ್ತಿಗೆ ಹಿಡಿದು ಅವರ ಬಾಗಿಲಿಗೆ ಹೋದೆ. "ಅಣ್ಣೇ, ಒರು ಆಣಿ ಅಡಿಕ್ಕಣುಂ," ಎಂದೆ. ಒಂದು ಮೊಳೆ ಹೊಡೆಯಬೇಕು, ಅಷ್ಟೇ.

ಅವರು ಸುತ್ತಿಗೆಯನ್ನೂ ನನ್ನನ್ನೂ ನೋಡಿದರು. ಕನ್ನಡದಲ್ಲಿ ಕೇಳಿದರು. "ಟೀಚರಮ್ಮನ ಪೋಟೋಗಾ? ಇಷ್ಟು ದಿನ ಎಲ್ಲಿಟ್ಟಿದ್ದೆ?"

"ಬೀರು ಮೇಲೆ."

"ಮೂರು ತಿಂಗಳಾ? ಏನ್ ಮನುಷ್ಯ ತಂಬಿ ನೀನು! ಓಗು, ನಾನು ಈ ಕಡೆ ಗೋಡೆ ಇಡ್ಕೊಂತೀನಿ."

ತಾಯಿಯ ಫೋಟೋ ಇಳಿಸಿಟ್ಟು ಆಚೆಯಿಂದ ಗೋಡೆಗೆ ಎರಡೂ ಅಂಗೈ ಒತ್ತಿದರು. ಈಚೆ ನಾನು. ಮೊದಲ ಮೊಳೆ ಬಗ್ಗಿತು. ಎರಡನೆಯದಕ್ಕೆ ಮೂರು ಏಟು ಬೀಳುವಷ್ಟರಲ್ಲಿ ಆಚೆ ಧೊಪ್ಪೆಂದು ಸದ್ದಾಯಿತು.

"ಅಣ್ಣೇ, ಏನು ಬಿತ್ತು?"

"ಒಂದೂ ಇಲ್ಲ. ನೀನು ಒಡಿ."

ಫೋಟೋ ನಿಂತಿತು, ಸ್ವಲ್ಪ ಎಡಕ್ಕೆ ವಾಲಿಕೊಂಡು. ಆಮೇಲೆ ಕಾಫಿಗೆ ಕರೆಯಲು ಹೋದಾಗ ಅವರು ಮೂಲೆಯಲ್ಲಿ ಗಾರೆ ಗುಡಿಸುತ್ತಿದ್ದರು. ಗೋಡೆಯಲ್ಲಿ ಊಟದ ತಟ್ಟೆಯಷ್ಟು ಅಗಲ ಇಟ್ಟಿಗೆ ಕಾಣುತ್ತಿತ್ತು.

ರತ್ನಳ ನೋಟ್‌ಬುಕ್ಕಿನಲ್ಲಿ ನಮ್ಮ ಜಗಳಕ್ಕೂ ಒಂದು ಪುಟವಿದೆ. ನಡುವೆ ಗೋಡೆ, ಎರಡು ಕಡೆ ಎರಡು ಹೆಸರು, ಕೆಳಗೆ "ಪರಿವರ್ತನೆ" ಎಂದು ಬರೆದು ಬಿಟ್ಟ ಖಾಲಿ ಜಾಗ. ಅಲ್ಲಿ ಬರೆಯುವಷ್ಟು ಓದಿದವನಲ್ಲ ನಾನು. ಬರೆಯಲೇಬೇಕೆಂದರೆ, ಆಚೆ ಗಾರೆ ಬಿತ್ತು, ಏನೂ ಬಿದ್ದಿಲ್ಲ ಎಂದರು ಎಂದು ಬರೆದೇನು.