ಮುನಿಯುವ ಸ್ವಿಚ್ಚು

ಕಳೆದ ಏಪ್ರಿಲ್ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ, ಮಿಶಿಗನ್ನಿನ ಕ್ಯಾಂಟನ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ, ನನ್ನ ಗಂಡ ಶ್ರೀಧರ ತಾನೇ ಕಟ್ಟಿದ ಕಾರಿಗೆ ಒಂದು ಸ್ವಿಚ್ಚನ್ನು ಕೂರಿಸಿದ. ಕಾರು ಯಾವುದಕ್ಕಾದರೂ ಗುದ್ದಿದರೆ ಪೆಟ್ರೋಲ್ ಪಂಪನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚು ಅದು. ಟಾರ್ಚ್ ಹಿಡಿದದ್ದು ನಾನು. ಆ ಕಾರಿಗೆ ನನ್ನ ಕೊಡುಗೆ ಅಷ್ಟೇ.

ಅಷ್ಟೇ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಸ್ವಿಚ್ಚು ಬಂದದ್ದೇ ನನ್ನ ಷರತ್ತಿನಿಂದ.

ಕಿಟ್ ಕಾರು ಎಂದರೆ ಡಬ್ಬಗಳಲ್ಲಿ ಮನೆಗೆ ಬರುವ ಕಾರು. ಅಂಗಡಿಯ ದೋಸೆ ಹಿಟ್ಟಿನ ಹಾಗೆ. ಹಿಟ್ಟು ಅವರದು, ಹುಯ್ಯುವವರು ನಾವು, ಸೀದು ಹೋದರೆ ಹೊಣೆಯೂ ನಮ್ಮದೇ. ಮೈಸೂರಿನವನಾದ ಶ್ರೀಧರ ಸೌತ್‌ಫೀಲ್ಡಿನ ಆಫೀಸಿನಲ್ಲಿ ಊರವರ ಕಾರುಗಳಿಗೆ ಸೀಟು ವಿನ್ಯಾಸ ಮಾಡುತ್ತಾನೆ. ಮೂರು ಚಳಿಗಾಲ ಗ್ಯಾರೇಜಿನಲ್ಲಿ ಕೂತು ತನ್ನದೇ ಒಂದನ್ನು ಹುಯ್ದ. ಎರಡೇ ಸೀಟು, ಮೊಣಕಾಲೆತ್ತರದ ಬಾಗಿಲು, ಫೈಬರ್ ಮೈ. ಮಗಳು ಇಂಚರ ಒಮ್ಮೆ ಇಣುಕಿ ನೋಡಿ, "ಅಮ್ಮಾ, ಇಟ್ಸ್ ಲಿಟರಲಿ ಎ ಬಾತ್‌ಟಬ್," ಎಂದು ಒಳಗೆ ಹೋದಳು.

ಎರಡನೆಯ ಸೀಟು ನನ್ನದು. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಸೀಟನ್ನು ನನ್ನ ಎತ್ತರಕ್ಕೆ ಸರಿಯಾಗಿ ಕೂರಿಸಿದ್ದ. ಅದರಲ್ಲಿ ಬೇರೆ ಯಾರು ಕೂತರೂ ಗಲ್ಲ ಮೊಣಕಾಲಿಗೆ ತಗಲುತ್ತಿತ್ತು. ನಾನು ಕೂರದಿದ್ದರೆ ಅದು ಖಾಲಿ. ಪ್ರತಿ ಭಾನುವಾರ ಪಕ್ಕದ ಸೀಟು ಖಾಲಿಯಿಟ್ಟುಕೊಂಡು ಊರು ಸುತ್ತುವ ಗಂಡನನ್ನು ಕಲ್ಪಿಸಿಕೊಂಡರೆ ನನಗೇ ಸಂಕಟ. ಹಾಗೆಂದು ಹೆದರಿಕೆ ಹೋಗುತ್ತದೆಯೇ? ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತಿದ್ದಷ್ಟು ಕಾಲವೂ ಅಪಘಾತದ ಸುದ್ದಿಗಳನ್ನು ತಿದ್ದಿದವಳು ನಾನು. ಕಾರು ಗುದ್ದಿದ್ದಕ್ಕಿಂತ ಆಮೇಲೆ ಹೊತ್ತಿಕೊಂಡದ್ದೇ ಹೆಚ್ಚು ನೆನಪಿದೆ.

"ಗುದ್ದಿದ ಮೇಲೂ ಪಂಪು ಪೆಟ್ರೋಲ್ ಸುರೀತಾ ಇದ್ರೆ ನಾನು ಕೂರಲ್ಲ," ಎಂದೆ.

"ಅದಕ್ಕೊಂದು ಸ್ವಿಚ್ ಇದೆ ಕಣೇ."

"ಹಾಗಾದ್ರೆ ಹಾಕು."

ಹಾಕಿದ. ಸ್ವಿಚ್ಚಿನ ಹೊಟ್ಟೆಯೊಳಗೆ ಗೋಲಿಯಂಥ ಒಂದು ಉಕ್ಕಿನ ಗುಂಡು. ಅದನ್ನು ಅಯಸ್ಕಾಂತವೊಂದು ಬಟ್ಟಲಿನಲ್ಲಿ ಹಿಡಿದು ಕೂರಿಸಿರುತ್ತದೆ. ಜೋರಾಗಿ ಏಟು ಬಿದ್ದರೆ ಗುಂಡು ಬಟ್ಟಲಿನಿಂದ ಹಾರಿ ವಿದ್ಯುತ್ತನ್ನು ಕಡಿಯುತ್ತದೆ, ಪಂಪು ಸುಮ್ಮನಾಗುತ್ತದೆ, ನೆತ್ತಿಯ ಕೆಂಪು ಗುಂಡಿ ಮೇಲೇಳುತ್ತದೆ. ಮತ್ತೆ ನೆತ್ತಿ ಒತ್ತಿ ಸಮಾಧಾನ ಮಾಡುವವರೆಗೆ ಏನೂ ನಡೆಯುವುದಿಲ್ಲ.

ಇಷ್ಟು ಕೇಳಿದ್ದೇ ನನಗೆ ನಮ್ಮ ಭಾಷೆಯ ಒಂದು ತಮಾಷೆ ನೆನಪಾಯಿತು. ಸಂಸ್ಕೃತದಿಂದ ಬಂದ ಮುನಿ ಮೌನಿ. ಕನ್ನಡದ್ದೇ ಆದ 'ಮುನಿ' ಕ್ರಿಯಾಪದ. ಕೋಪಿಸಿಕೊಳ್ಳು ಎಂದರ್ಥ, ಮುನಿಸು ಹುಟ್ಟಿದ್ದು ಅದರಿಂದ. ಎರಡಕ್ಕೂ ನೆಂಟಸ್ತನವಿಲ್ಲ, ರೂಪ ಮಾತ್ರ ಒಂದೇ. ಎರಡೂ ಒಬ್ಬರಲ್ಲೇ ಸೇರಿದ್ದಕ್ಕೆ ಪುರಾಣದಲ್ಲಿ ದೂರ್ವಾಸರಿದ್ದಾರೆ, ಸಂಸಾರದಲ್ಲಿ ನಾವೆಲ್ಲ ಇದ್ದೇವೆ. ಮೊದಲು ಮುನಿಯುವುದು, ಆಮೇಲೆ ಮುನಿಯಾಗುವುದು. ಈ ಸ್ವಿಚ್ಚು ಮಾಡುವುದೂ ಅದನ್ನೇ. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ದೂರ್ವಾಸ ಎಂದೇ ಹೆಸರಾಯಿತು.

ಶ್ರೀಧರ ಅದನ್ನು ನನ್ನ ಕಾಲಿನ ಬಳಿ, ಬಾಗಿಲಿನ ಪಕ್ಕದ ತೆಳು ತಗಡಿಗೆ ಬಿಗಿದಿದ್ದ. ಗಟ್ಟಿ ಜಾಗದಲ್ಲಿ ಕೂರಿಸಬೇಕು ಎಂದು ಅದರ ಜೊತೆಗಿದ್ದ ಸೂಚನೆ ಹೇಳುತ್ತಿತ್ತು. ಆದರೆ ನನ್ನ ಕಣ್ಣಿಗೆ ಕಾಣುತ್ತಿದ್ದರೆ ನನಗೆ ಧೈರ್ಯ ಎಂಬುದು ಅವನ ಲೆಕ್ಕ. ಬಿಗಿಯುವ ಮೊದಲು ಅಂಗೈಗೆ ಕುಟ್ಟಿ ತೋರಿಸಿದ. ಟಕ್ ಎಂದು ಗುಂಡಿ ಎದ್ದಿತು.

"ನಂಬಿಕೆ ಬಂತಾ?"

"ಒಂದೇ ಮೂಲದ ಸುದ್ದಿ. ಅಚ್ಚಿಗೆ ಹೋಗಲ್ಲ."

"ಎರಡನೇ ಮೂಲಕ್ಕೆ ನಾನು ಹೋಗಿ ಯಾವ ಗೋಡೆಗೆ ಗುದ್ದಲಿ ಹೇಳು."

ಅಂದು ಸಂಜೆ ಫೋನಿನಲ್ಲಿ ಅಕ್ಕ ನಕ್ಕಳು. ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸಿನಲ್ಲಿರುವ ಅಕ್ಕ ನನ್ನ ಪುಕ್ಕಲುತನದ ಅಧಿಕೃತ ಇತಿಹಾಸಕಾರ್ತಿ. "ನೀನು ಜೋಕಾಲಿಗೇ ಹೆದರ್ತಿದ್ದೋಳು. ಆ ಕಾರಲ್ಲಿ ನಮ್ಮನೇವರೆಗೆ ಬಂದ್ರೆ ಹೋಳಿಗೆ ಮಾಡ್ತೀನಿ, ಹೋಗು!"

ಹೋಳಿಗೆಯ ಆಸೆಯೋ, ಖಾಲಿ ಸೀಟಿನ ಸಂಕಟವೋ, ಮರುದಿನ ಬೆಳಿಗ್ಗೆ ಕೂತುಬಿಟ್ಟೆ. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಎದುರು ಮನೆಯ ಡಾಕ್ಟರ್ ಇಮ್ತಿಯಾಜ್ ಕಾಫಿ ಕಪ್ ಹಿಡಿದು ನೋಡಲು ಬಂದಿದ್ದರು. ವಿಜಯಪುರದವರು, ಮಕ್ಕಳ ಡಾಕ್ಟರು. ಇಂಜಿನ್ ಗುಡುಗುಡು ಎಂದಿತು, ನಾನು ಬಾಗಿಲು ಹಾಕಿಕೊಂಡೆ, ನಿಂಬೆಹಣ್ಣು ಪಚಕ್ಕೆಂದವು, ಹೊರಟೆವು. ಗಾಳಿ ಮುಖಕ್ಕೆ ಬಡಿಯಿತು. ರಸ್ತೆ ಕೈಗೆಟುಕುವಷ್ಟು ಹತ್ತಿರ. ನಾನು ಕಿರುಚಿದೆ, ಆದರೆ ಹೆದರಿಕೆಯಿಂದಲ್ಲ. ತಿರುಗಿ ನೋಡಿದಾಗ ಅರಳಿದ್ದ ಶ್ರೀಧರನ ಮುಖವನ್ನು ಮೂರು ಚಳಿಗಾಲದಲ್ಲಿ ನಾನು ನೋಡಿರಲಿಲ್ಲ.

ನಮ್ಮ ಬಡಾವಣೆಯ ಕೊನೆಯ ಸ್ಟಾಪ್ ಸೈನಿನಲ್ಲಿ ಕಾರು ಕೆಮ್ಮಿತು. ನಿಂತಿತು.

ಶ್ರೀಧರ ಇಳಿದು ಎಲ್ಲ ನೋಡಿದ. ಬ್ಯಾಟರಿ ಸರಿ, ವೈರು ಸರಿ, ಟ್ಯಾಂಕ್ ತುಂಬ ಪೆಟ್ರೋಲ್. ಅವನ ಕಿವಿ ಕೆಂಪಾಗುತ್ತ ಬಂತು. ಇವಳು ಇನ್ನು ಈ ಕಾರಿನಲ್ಲಿ ಕೂರುವುದಿಲ್ಲ ಎಂದು ಅವನು ಆಗಲೇ ತೀರ್ಮಾನಿಸಿದ್ದ. ಹೇಳಲಿಲ್ಲ, ಕಿವಿ ಹೇಳಿತು. ನಾನು ಮಾಡಲು ಬೇರೇನೂ ಇಲ್ಲದೆ ಕಾಲಿನ ಕಡೆ ನೋಡಿದೆ.

"ಶ್ರೀ, ದೂರ್ವಾಸ ಎದ್ದಿದಾನೆ."

"ಸಾಧ್ಯವೇ ಇಲ್ಲ. ನಾವು ಯಾವುದಕ್ಕೂ ಗುದ್ದಿಲ್ಲ."

ಅಷ್ಟರಲ್ಲಿ ಕಾಫಿ ಕಪ್ಪಿನೊಂದಿಗೇ ನಡೆದುಬಂದ ಡಾಕ್ಟರು ಬಗ್ಗಿ ನೋಡಿದರು. "ಗುದ್ದೂದು ಯಾಕ್ ಬೇಕ್ರೀ? ಭಾಭಿ ಬಾಗ್ಲಾ ಹಾಕಿದ್ದು ನಮ್ಮ ಅಡಗಿ ಮನಿ ತನಕಾ ಕೇಳ್ಸಿರ್ಬೇಕು!"

ಇಲ್ಲೊಂದು ಹಿನ್ನೆಲೆ ಕೊಡಬೇಕು. ದಾವಣಗೆರೆಯಲ್ಲಿ ಅಪ್ಪನ ಹಳೆಯ ಕಾರಿನ ಬಾಗಿಲು ಮೆಲ್ಲಗೆ ಹಾಕಿದರೆ ತಿರುವಿನಲ್ಲಿ ತೆರೆದುಕೊಳ್ಳುತ್ತಿತ್ತು. "ಹಾಕಿದ್ರೆ ಬೀದಿಗೆ ಕೇಳಬೇಕು," ಎನ್ನುವುದು ಅಪ್ಪನ ಆಜ್ಞೆ. ಅಕ್ಕನೂ ನಾನೂ ಆ ಶಾಲೆಯ ವಿದ್ಯಾರ್ಥಿನಿಯರು. ಅಮೆರಿಕದ ಬಾಗಿಲುಗಳು ಬೆರಳು ತಾಗಿಸಿದರೆ ಮುಚ್ಚುತ್ತವೆ ಎಂದು ಕೈಗೆ ಇನ್ನೂ ತಿಳಿದಿಲ್ಲ.

ಹಾಗಾದರೆ ಕಾರು ಮನೆಯ ಮುಂದೆಯೇ ಏಕೆ ನಿಲ್ಲಲಿಲ್ಲ? ಪಂಪು ಅಲ್ಲೇ ನಿಂತಿತ್ತು. ಇಂಜಿನ್ ಮಾತ್ರ ಕಾರ್ಬುರೇಟರಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಕುಡಿದುಕೊಂಡು ಸ್ಟಾಪ್ ಸೈನಿನವರೆಗೆ ಬಂದಿತ್ತು. ಮನೆಯಲ್ಲಾದ ಮುನಿಸು ಹೊರಬೀಳುವುದು ಎಲ್ಲೋ ಮುಂದೆ, ಯಾವುದೋ ಮದುವೆ ಮನೆಯ ಬಾಗಿಲಲ್ಲಿ. ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಇದು ಯಂತ್ರಕ್ಕೂ ಅನ್ವಯಿಸುತ್ತದೆ ಎಂದು ಅಂದು ತಿಳಿಯಿತು.

ನಾನು ನೆತ್ತಿ ಒತ್ತಿದೆ. ಪಂಪು ಗುಂಯ್ ಎಂದಿತು. "ಎರಡನೇ ಮೂಲ ಸಿಕ್ತು," ಎಂದೆ. "ಇನ್ನು ಅಚ್ಚಿಗೆ ಹೋಗಬಹುದು." ಶ್ರೀಧರನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ತನ್ನ ಸೀಟಿಗೆ ಬಂದು ಕೂತು, ಸ್ಟೀರಿಂಗ್ ಮೇಲೆ ತಲೆಯಿಟ್ಟು ನಕ್ಕ. ಡಾಕ್ಟರ ಕಾಫಿ ಚೆಲ್ಲಿತು.

ಅದೇ ವಾರ ಅವನು ದೂರ್ವಾಸನನ್ನು ತಗಡಿನಿಂದ ಬಿಚ್ಚಿ, ಪಕ್ಕದ ದಪ್ಪ ಉಕ್ಕಿನ ಕೊಳವೆಗೆ ಬಿಗಿದ. "ಇನ್ನು ಯಾರು ಹೇಗೆ ಬಾಗಿಲು ಹಾಕಿದ್ರೂ ಏನೂ ಆಗಲ್ಲ," ಎಂದ. ಅವನು ಎಂಜಿನಿಯರು, ಅವನ ಮಾತನ್ನು ಇಲ್ಲಿ ಹಾಗೆಯೇ ದಾಖಲಿಸಿದ್ದೇನೆ.

ಕಳೆದ ಶನಿವಾರ ಆ ಕಾರಿನಲ್ಲೇ ಹಾಫ್‌ಮನ್ ಎಸ್ಟೇಟ್ಸ್ ತಲುಪಿದೆವು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಹೋಳಿಗೆ ಆಗಿತ್ತು. ಊಟದ ಮೇಲೆ ಅಕ್ಕ ತಾನೂ ಒಂದು ಸುತ್ತು ಹೋಗಿಬರುತ್ತೇನೆಂದು, ಮೊಣಕಾಲು ಗಲ್ಲಕ್ಕೆ ತಗಲಿಸಿಕೊಂಡು ನನ್ನ ಸೀಟಿನಲ್ಲಿ ಕೂತಳು, ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಯ ನಾಯಿ ಬೊಗಳಿತು. ಕಾರು ಹೊರಟು, ಅವರ ಬೀದಿಯ ಕೊನೆಯ ಸ್ಟಾಪ್ ಸೈನಿನಲ್ಲಿ ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತಿನ ನಂತರ ಅಕ್ಕ ಕಾಲಿನ ಕಡೆ ಬಗ್ಗಿದ್ದು ನನಗೆ ಡ್ರೈವ್‌ವೇಯಿಂದ ಕಾಣಿಸಿತು.